ಕ್ರಾಸಿಂಗ್‌ಗೆ ನಿಂತ ಗಾಡಿಯಿಂದ ಬುಲೆಟ್ ರೈಲಿನ ಲೆಕ್ಕ

ಕಳೆದ ಮಳೆಗಾಲದ ಒಂದು ಸಂಜೆ. ಉಡುಪಿಯ ಇಂದ್ರಾಳಿಯಲ್ಲಿ ಗಾಡಿ ಹತ್ತಿ ಅರ್ಧ ಗಂಟೆಯೂ ಕಳೆದಿರಲಿಲ್ಲ, ಒಂದು ಸಣ್ಣ ನಿಲ್ದಾಣದಲ್ಲಿ ಗಾಡಿ ನಿಂತಿತು. ಇಳಿಯುವವರಿಲ್ಲ, ಹತ್ತುವವರಿಲ್ಲ. ಕಿಟಕಿಯಾಚೆ ನಾಟಿ ಮುಗಿದ ಬೈಲುಗದ್ದೆ, ಅದರ ಅಂಚಿನಲ್ಲಿ ಕೊಡೆ ಹಿಡಿದು ದನ ಅಟ್ಟಿಕೊಂಡು ಹೋಗುತ್ತಿದ್ದ ಹೆಂಗಸು, ಪ್ಲಾಟ್‌ಫಾರಂ ತುದಿಯಲ್ಲಿ ಹಸಿರು ಬಾವುಟವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ ನೌಕರ. ಎದುರು ಸೀಟಿನ ಹಿರಿಯರು ಹೊರಗೆ ನೋಡುವ ಗೋಜಿಗೂ ಹೋಗದೆ, "ಕ್ರಾಸಿಂಗ್ ಮಾರಾಯ್ರೇ" ಎಂದು ಹೇಳಿ ಚಕ್ಕುಲಿಯ ಪೊಟ್ಟಣ ಬಿಚ್ಚಿದರು. ಇಪ್ಪತ್ತು ನಿಮಿಷದ ಮೇಲೆ ಎದುರಿನಿಂದ ಬಂದ ಗಾಡಿ ಪಕ್ಕದ ಹಳಿಯಲ್ಲಿ ನೀರು ಸಿಡಿಸುತ್ತ ಹಾದುಹೋಯಿತು. ಆಮೇಲೆ ನಮಗೆ ಸಿಗ್ನಲ್ ಸಿಕ್ಕಿತು.

ಇದರಲ್ಲಿ ಯಾರ ತಪ್ಪೂ ಇಲ್ಲ. ಇರುವುದು ಒಂದೇ ಹಳಿ; ಎರಡು ಗಾಡಿ ಎದುರುಬದುರಾದರೆ ಒಂದು ಪಕ್ಕಕ್ಕೆ ಸರಿದು ನಿಲ್ಲಲೇಬೇಕು. ಆದರೆ 2026ರ ಫೆಬ್ರವರಿಯಲ್ಲಿ ಕೇಂದ್ರ ಬಜೆಟ್ ಏಳು ಹೈಸ್ಪೀಡ್ ರೈಲು ಮಾರ್ಗಗಳನ್ನು ಘೋಷಿಸಿದಾಗ ನನಗೆ ಮೊದಲು ನೆನಪಾದದ್ದು ಆ ಇಪ್ಪತ್ತು ನಿಮಿಷ. ಮುಂಬೈ–ಪುಣೆ, ಪುಣೆ–ಹೈದರಾಬಾದ್, ಹೈದರಾಬಾದ್–ಬೆಂಗಳೂರು, ಹೈದರಾಬಾದ್–ಚೆನ್ನೈ, ಚೆನ್ನೈ–ಬೆಂಗಳೂರು, ದೆಹಲಿ–ವಾರಾಣಸಿ, ವಾರಾಣಸಿ–ಸಿಲಿಗುರಿ. ಪಟ್ಟಿಯಲ್ಲಿ ಕರಾವಳಿ ಕರ್ನಾಟಕವಿಲ್ಲ. ಮಂಗಳೂರಿನ ಸ್ನೇಹಿತರ ಬಳಗದಲ್ಲಿ ಅದಕ್ಕೆ ಎರಡೇ ಬಗೆಯ ಪ್ರತಿಕ್ರಿಯೆ ಬಂತು: "ನಮಗೆ ಯಾಕಿಲ್ಲ?" ಎಂಬುದು ಒಂದು, "ಈ ಬಡ ದೇಶಕ್ಕೆ ಇದೆಲ್ಲ ಯಾಕೆ?" ಎಂಬುದು ಇನ್ನೊಂದು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ.

ಎರಡನೆಯದನ್ನು ಮೊದಲು ನೋಡೋಣ, ಏಕೆಂದರೆ ಅದಕ್ಕೆ ಉತ್ತರ ಸುಲಭ. ಬುಲೆಟ್ ರೈಲನ್ನು ಮೊದಲು ಓಡಿಸಿದ ಜಪಾನ್ ಆಗ ಇಂದಿನ ಸಿರಿವಂತ ಜಪಾನ್ ಆಗಿರಲಿಲ್ಲ. ಯುದ್ಧದಲ್ಲಿ ನೆಲಕಚ್ಚಿ ಹದಿನೈದು ವರ್ಷವಾಗಿದ್ದ ಆ ದೇಶ 1961ರಲ್ಲಿ ವಿಶ್ವ ಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲ ಎತ್ತಿ ಟೋಕಿಯೊ–ಒಸಾಕಾ ಮಾರ್ಗ ಕಟ್ಟಿತು. ವೆಚ್ಚ ಅಂದಾಜಿನ ಹೆಚ್ಚುಕಡಿಮೆ ಎರಡರಷ್ಟಾಯಿತು. ಯೋಜನೆಯ ಹಿಂದೆ ನಿಂತಿದ್ದ ರೈಲ್ವೆ ಅಧ್ಯಕ್ಷ ಶಿಂಜಿ ಸೊಗೊ ಗಾಡಿ ಓಡುವ ಮೊದಲೇ, 1963ರಲ್ಲಿ, ಹುದ್ದೆ ಬಿಡಬೇಕಾಯಿತು. 1964ರ ಅಕ್ಟೋಬರ್ 1ರಂದು ಗಾಡಿ ಹೊರಟಿತು. ಆರೂವರೆ ಗಂಟೆಯ ದಾರಿ ನಾಲ್ಕು ಗಂಟೆಗೆ ಇಳಿಯಿತು.

ಈ ಕತೆಯಲ್ಲಿ ಎಲ್ಲರೂ ಮರೆಯುವ ಭಾಗವೊಂದಿದೆ. ಜಪಾನ್ ಹೊಸ ಹಳಿ ಹಾಕಿದ್ದು ಬರೀ ವೇಗದ ಹುಚ್ಚಿನಿಂದಲ್ಲ. ಹಳೆಯ ಹಳಿಯಲ್ಲಿ ಜಾಗವೇ ಉಳಿದಿರಲಿಲ್ಲ. ಟೋಕಿಯೊ–ಒಸಾಕಾ ನಡುವಿನ ಹಳೆಯ ಮಾರ್ಗ ದೇಶದ ರೈಲು ಜಾಲದ ಉದ್ದದಲ್ಲಿ ಶೇ 3ರಷ್ಟಿದ್ದರೂ ಒಟ್ಟು ಪ್ರಯಾಣಿಕರ ಮತ್ತು ಸರಕಿನ ಕಾಲು ಭಾಗದಷ್ಟನ್ನು ಹೊರುತ್ತಿತ್ತು. ವೇಗದ ಗಾಡಿಗಳನ್ನು ಅಲ್ಲಿಂದ ಎತ್ತಿ ಬೇರೆ ಹಳಿಗೆ ಹಾಕಿದ್ದೇ ತಡ, ಹಳೆಯ ಹಳಿ ಗೂಡ್ಸ್ ಗಾಡಿಗಳಿಗೆ, ಊರೂರಿಗೆ ನಿಲ್ಲುವ ಗಾಡಿಗಳಿಗೆ ತೆರವಾಯಿತು.

ರೈಲ್ವೆಯವರಿಗೆ ಇದು ಹಳೆಯ ಪಾಠ. ಒಂದೇ ಹಳಿಯ ಮೇಲೆ ಎಲ್ಲ ಗಾಡಿಗಳೂ ಒಂದೇ ವೇಗದಲ್ಲಿ ಹೋದರೆ ಒಂದರ ಹಿಂದೆ ಒಂದನ್ನು ತುಂಬಾ ಬಿಡಬಹುದು. ಗಂಟೆಗೆ 50 ಕಿ.ಮೀ. ಹೋಗುವ ಗೂಡ್ಸ್ ಗಾಡಿಯ ನಡುವೆ 130ರ ಗಾಡಿಯೊಂದನ್ನು ತೂರಿಸಿದರೆ ಅದರ ಮುಂದೆ ದಾರಿ ತೆರವು ಮಾಡಿಕೊಡಲು ಹಲವು ಗಾಡಿಗಳನ್ನು ಬದಿಗೆ ನಿಲ್ಲಿಸಬೇಕಾಗುತ್ತದೆ. ಕಿರಿದಾದ ರಸ್ತೆಯಲ್ಲಿ ಸೈರನ್ ಹಾಕಿಕೊಂಡು ಮಂತ್ರಿಯ ಕಾರು ಬಂದಂತೆ: ಒಬ್ಬರು ಬೇಗ ಹೋಗುತ್ತಾರೆ, ಮಿಕ್ಕವರೆಲ್ಲ ಕಾಯುತ್ತಾರೆ. ಹಾಗಾಗಿ ಹೈಸ್ಪೀಡ್ ಮಾರ್ಗ ಬೇಕೇ ಎಂದು ಕೇಳುವವರು ಗಾಡಿ ಎಷ್ಟು ವೇಗ ಹೋಗುತ್ತದೆ ಎಂದು ಕೇಳುವ ಮೊದಲು ಅಲ್ಲಿನ ಹಳೆಯ ಹಳಿ ತುಂಬಿದೆಯೇ, ಹೊಸದು ಬಂದರೆ ಹಳೆಯದರಲ್ಲಿ ಯಾರಿಗೆ ಜಾಗ ಸಿಗುತ್ತದೆ ಎಂದು ಕೇಳಬೇಕು.

ದೂರದ ಲೆಕ್ಕವೂ ಇದೆ, ಅದು ಎಲ್ಲರಿಗೂ ಗೊತ್ತಿರುವಂಥದ್ದೇ. ನಿಲ್ದಾಣದಿಂದ ನಿಲ್ದಾಣಕ್ಕೆ ರೈಲಿನ ದಾರಿ ಮೂರು ಗಂಟೆಯೊಳಗಿದ್ದಾಗ ಜನ ವಿಮಾನ ಬಿಡುತ್ತಾರೆ. 1981ರಲ್ಲಿ ಶುರುವಾದ ಪ್ಯಾರಿಸ್–ಲಿಯಾನ್ ಗಾಡಿ ಅದನ್ನು ಯುರೋಪಿಗೆ ತೋರಿಸಿಕೊಟ್ಟಿತು. 1,000 ಕಿ.ಮೀ. ದಾಟಿದರೆ ವಿಮಾನದ ಕೈ ಮೇಲು. 150ಕ್ಕಿಂತ ಕಡಿಮೆಯಾದರೆ ಬಸ್ಸು, ಕಾರೇ ಸಾಕು. ಹಾಗಾದರೆ 300ರಿಂದ 700 ಕಿ.ಮೀ. ಅಂತರದಲ್ಲಿ ಎರಡು ದೊಡ್ಡ ನಗರಗಳು, ನಡುವೆ ತುಂಬಿ ತುಳುಕುವ ಹಳಿ: ಇವೆರಡೂ ಕೂಡಿಬಂದಲ್ಲಿ ಹೈಸ್ಪೀಡ್ ರೈಲಿಗೆ ಹಣ ಹಾಕುವುದು ದೊಡ್ಡ ದೇಶಕ್ಕೆ ದುಂದುಗಾರಿಕೆಯಲ್ಲ. ಚೆನ್ನೈ–ಬೆಂಗಳೂರು ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ ಎಂದು ನನ್ನ ಎಣಿಕೆ. ಏಳೂ ಪಾಸಾಗುತ್ತವೆ ಎಂದು ಹೇಳುವ ಧೈರ್ಯ ನನಗಿಲ್ಲ.

ವೆಚ್ಚದ ವಿಷಯಕ್ಕೆ ಬಂದರೆ ಧೈರ್ಯ ಇನ್ನೂ ಕುಗ್ಗುತ್ತದೆ. ಮುಂಬೈ–ಅಹಮದಾಬಾದ್ ಮಾರ್ಗಕ್ಕೆ ಶಂಕುಸ್ಥಾಪನೆಯಾದದ್ದು 2017ರ ಸೆಪ್ಟೆಂಬರ್ 14ರಂದು. 508 ಕಿ.ಮೀ., 12 ನಿಲ್ದಾಣ, 1.08 ಲಕ್ಷ ಕೋಟಿ ರೂಪಾಯಿ. ಕಿಲೋಮೀಟರಿಗೆ 212 ಕೋಟಿಯಷ್ಟಾಯಿತು. ಅದರಲ್ಲಿ ಶೇ 81ರಷ್ಟು ಜಪಾನಿನ ಸಾಲ. ಬಡ್ಡಿ ಶೇ 0.1, ತೀರಿಸಲು 50 ವರ್ಷ. ಬಡ್ಡಿ ಇಲ್ಲವೆಂಬಷ್ಟು ಕಡಿಮೆ, ನಿಜ. ಆದರೆ ಸಾಲ ಯೆನ್‌ನಲ್ಲಿದೆ, ಟಿಕೆಟಿನ ಹಣ ರೂಪಾಯಿಯಲ್ಲಿ ಬರುತ್ತದೆ. ಐವತ್ತು ವರ್ಷದಲ್ಲಿ ರೂಪಾಯಿ ಎಲ್ಲಿಗೆ ಇಳಿದಿರುತ್ತದೋ ಬಲ್ಲವರಾರು? ಅತ್ತ ಭೂಸ್ವಾಧೀನ ಎಳೆಯಿತು, ಕಾಲ ಎಳೆಯಿತು, ಮೊದಲ ಅಂದಾಜು ಹಿಂದೆಯೇ ಉಳಿಯಿತು. ಎಲ್ಲ ಸರಿಹೋದರೆ ಗುಜರಾತಿನ ಒಂದು ತುಂಡು 2027ರಲ್ಲಿ ತೆರೆಯುತ್ತದೆ.

ಇದು ನಮ್ಮೊಬ್ಬರ ಪಾಡಲ್ಲ. ಕ್ಯಾಲಿಫೋರ್ನಿಯಾದ ಮತದಾರರು 2008ರಲ್ಲಿ ಒಪ್ಪಿದ ಯೋಜನೆ ಅಂದಿನ ಅಂದಾಜಿನ ಮೂರು ಪಟ್ಟು ದಾಟಿದೆ, ಗಾಡಿ ಇನ್ನೂ ಓಡಿಲ್ಲ. ಬ್ರಿಟನ್ 2023ರಲ್ಲಿ ತನ್ನ ಹೈಸ್ಪೀಡ್ ಮಾರ್ಗದ ಉತ್ತರದ ಭಾಗವನ್ನೇ ಕೈಬಿಟ್ಟಿತು. ಇದಕ್ಕೆ ಅಪವಾದ ಚೀನಾ. 2008ರಲ್ಲಿ ಬೀಜಿಂಗ್–ಟಿಯಾನ್‌ಜಿನ್ ಮಾರ್ಗ ತೆರೆದ ದೇಶ ಹದಿನೈದೇ ವರ್ಷದಲ್ಲಿ 45,000 ಕಿ.ಮೀ. ಆಸುಪಾಸಿಗೆ ಮುಟ್ಟಿತು. 2019ರ ವಿಶ್ವ ಬ್ಯಾಂಕ್ ಅಧ್ಯಯನವೊಂದರ ಪ್ರಕಾರ ಅಲ್ಲಿ ಕಿಲೋಮೀಟರಿಗೆ ತಗಲುವ ವೆಚ್ಚ ಬೇರೆ ದೇಶಗಳ ಮೂರರಲ್ಲಿ ಎರಡು ಪಾಲು ಮಾತ್ರ. ಭೂಮಿ ಸರ್ಕಾರದ ಕೈಯಲ್ಲಿದೆ ಎಂಬುದಷ್ಟೇ ಇದರ ಗುಟ್ಟಲ್ಲ. ಒಂದೇ ಅಳತೆಯ ಸೇತುವೆ ತೊಲೆಗಳನ್ನು ಸಾವಿರಾರು ಲೆಕ್ಕದಲ್ಲಿ ಎರಕ ಹೊಯ್ದರು, ಒಂದೇ ನಕ್ಷೆಯನ್ನು ಊರೂರಿಗೆ ಬಳಸಿದರು, ಒಂದು ಕೆಲಸ ಮುಗಿಸಿದ ಕೈಗಳಿಗೆ ಕೂಡಲೇ ಇನ್ನೊಂದು ಕೊಟ್ಟರು. ಅಂಥ ಚೀನಾದಲ್ಲೂ ಬೀಜಿಂಗ್–ಶಾಂಘೈ ಕೈತುಂಬ ಗಳಿಸುತ್ತದೆ, ಜನ ವಿರಳವಾದ ಪಶ್ಚಿಮದ ಮಾರ್ಗಗಳು ಸಾಲದ ಹೊರೆ ಹೊತ್ತು ನಿಂತಿವೆ.

ಇನ್ನು "ನಮಗೆ ಯಾಕಿಲ್ಲ" ಎಂಬ ಮಾತಿಗೆ ಬರೋಣ. ಅದು ನನ್ನೂರಿನ ಮಾತು, ತಳ್ಳಿಹಾಕಲಾಗುವುದಿಲ್ಲ.

ನಕ್ಷೆಯ ಮೇಲೆ ನೋಡಿದರೆ ಮಂಗಳೂರು–ಬೆಂಗಳೂರು ಹೈಸ್ಪೀಡ್ ರೈಲಿಗೆಂದೇ ಅಳತೆ ಹಾಕಿ ಇಟ್ಟಂತಿದೆ. ಹಳಿಯ ದೂರ ಸುಮಾರು 350 ಕಿ.ಮೀ. ಒಂದು ತುದಿಯಲ್ಲಿ ರಾಜಧಾನಿ, ಇನ್ನೊಂದರಲ್ಲಿ ಬಂದರು, ಕಾಲೇಜು, ಆಸ್ಪತ್ರೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಕರಾವಳಿಗೆ ಹೊರಡುವ ಸ್ಲೀಪರ್ ಬಸ್ಸುಗಳ ಸಾಲು ನೋಡಿದವರಿಗೆ ಜನರಿದ್ದಾರೆಯೇ ಎಂಬ ಅನುಮಾನ ಬರುವುದಿಲ್ಲ. ಬಸ್ಸು ಏಳೆಂಟು ಗಂಟೆ ತೆಗೆದುಕೊಳ್ಳುತ್ತದೆ. ರೈಲು ಒಂಬತ್ತು, ಹತ್ತು.

ಈ ಹತ್ತು ಗಂಟೆಗೆ ಎಲ್ಲರೂ ಘಾಟಿಯನ್ನು ದೂರುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ., 57 ಸುರಂಗ, 50 ಅಡಿಗೆ ಒಂದು ಅಡಿಯ ಏರು, ಗಂಟೆಗೆ 30 ಕಿ.ಮೀ. ವೇಗ. ಗೂಡ್ಸ್ ಗಾಡಿ ಹತ್ತಬೇಕಾದರೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳೂ ಬೇಕು. ಎಲ್ಲ ನಿಜ. ಆದರೆ ಲೆಕ್ಕ ಹಾಕಿ ನೋಡಿ: ಆ 55 ಕಿ.ಮೀ. ನುಂಗುವುದು ಎರಡು, ಹೆಚ್ಚೆಂದರೆ ಎರಡೂವರೆ ಗಂಟೆ. ಮಿಕ್ಕ 300 ಕಿ.ಮೀ. ಸಮ ನೆಲಕ್ಕೆ ಏಳು ಗಂಟೆ ಯಾಕೆ ಬೇಕು? ಅಲ್ಲಿ ಸರಾಸರಿ ವೇಗ ಗಂಟೆಗೆ 43 ಕಿ.ಮೀ. ಆಯಿತು. ಅದಕ್ಕೆ ಘಾಟಿ ಹೊಣೆಯಲ್ಲ. ಒಂಟಿ ಹಳಿ, ಕ್ರಾಸಿಂಗ್, ನಿಲುಗಡೆ ಹೊಣೆ. ಬುಲೆಟ್ ರೈಲಿನ ಸುದ್ದಿಯೇ ಬೇಡ, ಈ 300 ಕಿ.ಮೀ.ಯಲ್ಲಿ ಜೋಡಿ ಹಳಿ ಹಾಕಿ ಸರಾಸರಿ 85 ಕಿ.ಮೀ. ತಂದರೂ ಮೂರೂವರೆ ಗಂಟೆ ಉಳಿಯುತ್ತದೆ. ಘಾಟಿಯ ಒಂದು ಕಲ್ಲನ್ನೂ ಮುಟ್ಟದೆ ಆರು ಗಂಟೆಗೆ ಬೆಂಗಳೂರು.

ಕೊಂಕಣ ಮಾರ್ಗದ ಕತೆ ಇನ್ನೂ ಸ್ವಾರಸ್ಯದ್ದು. ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಅದಕ್ಕೆಂದೇ ಒಂದು ನಿಗಮ ಹುಟ್ಟಿತು. ಮಂಗಳೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ನಾಯಕ. ಆ ಎರಡು ಊರುಗಳ ನಡುವೆ ನೇರ ಹಳಿಯಿಲ್ಲದ ಕಷ್ಟ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇ. ಶ್ರೀಧರನ್ ಮುಂದೆ ನಿಂತು ಕಟ್ಟಿಸಿದರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಪಕ್ಕದ ತೋಕೂರಿನವರೆಗೆ 740 ಕಿ.ಮೀ. ಚಿಲ್ಲರೆ, 91 ಸುರಂಗ, ಎರಡು ಸಾವಿರದಷ್ಟು ಸೇತುವೆ; 1998ರ ಜನವರಿ 26ಕ್ಕೆ ಇಡೀ ಮಾರ್ಗ ತೆರೆಯಿತು. ಆಗಲೇ ಅದನ್ನು ಗಂಟೆಗೆ 160 ಕಿ.ಮೀ. ವೇಗಕ್ಕೆ ವಿನ್ಯಾಸ ಮಾಡಿದ್ದರು. ಆ ಮಾರ್ಗವೂ ಒಂದು ಕಾಲಕ್ಕೆ "ಈ ಬಡ ದೇಶಕ್ಕೆ ಯಾಕೆ" ಎನ್ನಿಸಿಕೊಳ್ಳಬಹುದಾಗಿದ್ದ ಯೋಜನೆಯೇ.

ಅದರ ಮೇಲೆ 2023ರ ಡಿಸೆಂಬರ್ 30ರಿಂದ ಮಂಗಳೂರು–ಮಡಗಾಂವ್ ವಂದೇ ಭಾರತ್ ಓಡುತ್ತಿದೆ. ಗಂಟೆಗೆ 180 ಕಿ.ಮೀ. ಹೋಗಬಲ್ಲ ಗಾಡಿ. 320 ಕಿ.ಮೀ. ಆಸುಪಾಸಿನ ದಾರಿಗೆ ನಾಲ್ಕೂವರೆ ಗಂಟೆಗೂ ಮೇಲೆ, ಅಂದರೆ ಸರಾಸರಿ 70 ಕಿ.ಮೀ. ಹತ್ತಿರ. ಮಳೆ ಶುರುವಾದರೆ ಕೊಂಕಣದ ಎಲ್ಲ ಗಾಡಿಗಳಿಗೂ ಮಳೆಗಾಲದ ವೇಳಾಪಟ್ಟಿ. ಮುಂಬೈ–ಗೋವಾ ವಂದೇ ಭಾರತ್‌ನ ಎಂಟು ಗಂಟೆಯ ಒಳಗಿನ ದಾರಿ ಆಗ ಹತ್ತು ಗಂಟೆಗೆ ಏರುತ್ತದೆ. ಇದನ್ನು ತಪ್ಪೆನ್ನಲಾಗದು. 2003ರಲ್ಲೂ 2004ರಲ್ಲೂ ಮಳೆಗೆ ಕುಸಿದ ಕಲ್ಲು-ಮಣ್ಣಿಗೆ ಗಾಡಿಗಳು ಬಡಿದು ಹಲವರು ಸತ್ತ ಮಾರ್ಗ ಇದು; 2004ರದ್ದು ಮಂಗಳೂರಿನಿಂದ ಹೊರಟಿದ್ದ ಮತ್ಸ್ಯಗಂಧ. ಎಚ್ಚರಿಕೆಯಿಂದ ಹೋಗುವುದೇ ಸರಿ. ನಾನು ಹೇಳುವುದು ಇಷ್ಟೇ: ಮೂತಿ ಚೂಪಾದ ಗಾಡಿ ತಂದ ಮಾತ್ರಕ್ಕೆ ಗುಡ್ಡ ಗಟ್ಟಿಯಾಗುವುದಿಲ್ಲ, ಎದುರಿನ ಗಾಡಿ ಮಾಯವಾಗುವುದಿಲ್ಲ. ಇಷ್ಟು ವರ್ಷದಲ್ಲಿ ಈ ಮಾರ್ಗದಲ್ಲಿ ಜೋಡಿ ಹಳಿಯಾದದ್ದು ರೋಹಾ–ವೀರ್ ನಡುವಿನ 46 ಕಿ.ಮೀ. ಮಾತ್ರ, ಅದೂ 2021ರಲ್ಲಿ.

ನಡುವೆ ಒಂದು ಮಾತು. ಮಂಗಳೂರು ಮೂರು ಮನೆಯ ಸೊಸೆ. ತೋಕೂರಿನಾಚೆ ಕೊಂಕಣ ರೈಲ್ವೆ, ಊರೊಳಗೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ, ಪಡೀಲಿನಿಂದ ಪೂರ್ವಕ್ಕೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ಒಂದು ಗಾಡಿಯ ಸಮಯ ಅರ್ಧ ಗಂಟೆ ಹಿಂದೆ-ಮುಂದೆ ಮಾಡಬೇಕಾದರೂ ಮೂರು ಕಡೆಯ ಸಹಿ. ಇದನ್ನು ಸರಿಪಡಿಸಲು ಜಪಾನಿನ ಸಾಲ ಬೇಕಾಗಿಲ್ಲ.

ಹೈಸ್ಪೀಡ್ ಹಳಿ ಊರಿನ ಮೇಲೆ ಹಾದುಹೋದರೆ ಏನಾಗುತ್ತದೆ ಎಂಬುದನ್ನು ಗಡಿಯಾಚೆಗೆ ಇಣುಕಿ ನೋಡಬಹುದು. ಕೇರಳದ ಸಿಲ್ವರ್‌ಲೈನ್ ನಮ್ಮಿಂದ 50 ಕಿ.ಮೀ. ದೂರದ ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೋಗಬೇಕಿತ್ತು: 530 ಕಿ.ಮೀ., ಗಂಟೆಗೆ 200 ಕಿ.ಮೀ. ವೇಗ, 63,940 ಕೋಟಿ ರೂಪಾಯಿ ಅಂದಾಜು. ಅಧಿಕಾರಿಗಳು ಮನೆಯಂಗಳದಲ್ಲಿ ಹಳದಿ ಬಣ್ಣದ ಸರ್ವೆ ಕಲ್ಲು ನೆಟ್ಟರು, ಜನ ಕಿತ್ತು ಎಸೆದರು. ಕರಾವಳಿಯಲ್ಲಿ ಊರು ಮುಗಿಯಿತು, ಹೊಲ ಶುರುವಾಯಿತು ಎನ್ನುವಂಥ ಗೆರೆ ಇಲ್ಲ. ಮನೆ, ತೋಟ, ನಾಗಬನ, ಮಸೀದಿ, ಇಗರ್ಜಿ, ಮತ್ತೆ ಮನೆ. ಗಂಟೆಗೆ 320 ಕಿ.ಮೀ. ಹೋಗುವ ಹಳಿ ಕೆಲವು ಕಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ತಿರುಗಲಾರದು. ನಾಗಬನ ಕಂಡಿತೆಂದು ಅದು ಪಕ್ಕಕ್ಕೆ ಸರಿಯುವುದಿಲ್ಲ.

ಹಣ ಯಾರ ಜೇಬಿನದು ಎಂಬುದೂ ಮುಖ್ಯ. ಪ್ರಯಾಣದ ನಿಜವಾದ ಖರ್ಚಿನಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ವಸೂಲು ಮಾಡುತ್ತೇವೆ ಎಂದು ರೈಲ್ವೆಯೇ ಟಿಕೆಟಿನ ಮೇಲೆ ಅಚ್ಚು ಹಾಕುತ್ತಿತ್ತು. ಉಳಿದದ್ದನ್ನು ತುಂಬಿಸುವುದು ಕಲ್ಲಿದ್ದಲು, ಅದಿರು, ಸಿಮೆಂಟ್ ಹೊರುವ ಗೂಡ್ಸ್ ಗಾಡಿ. ಪಣಂಬೂರಿನ ಬಂದರಿನಿಂದ ಘಾಟಿ ಹತ್ತುವ ಒಂದು ಗೂಡ್ಸ್ ಗಾಡಿ ದಾರಿ ಕಾಯುತ್ತ ನಿಂತರೆ ಅದರ ನಷ್ಟ ಸ್ಲೀಪರ್ ಬೋಗಿಯಲ್ಲಿ ಮಲಗಿದವನ ಟಿಕೆಟಿಗೂ ತಾಗುತ್ತದೆ. ಹೈಸ್ಪೀಡ್ ಹಳಿಯ ಮೇಲೆ ಗೂಡ್ಸ್ ಓಡುವುದಿಲ್ಲ. ನಮ್ಮದು 1,676 ಮಿ.ಮೀ. ಅಗಲದ ಬ್ರಾಡ್‌ಗೇಜ್, ಮುಂಬೈ–ಅಹಮದಾಬಾದಿನದು 1,435 ಮಿ.ಮೀ. ಒಂದರ ಗಾಡಿ ಇನ್ನೊಂದರ ಮೇಲೆ ಹೋಗಲಾರದು. ಫ್ರಾನ್ಸಿನಲ್ಲಿ ವೇಗದ ಗಾಡಿ ಹೊಸ ಹಳಿ ಇಳಿದು ಹಳೆಯ ಹಳಿಯಲ್ಲೇ ಸಣ್ಣ ಊರಿಗೂ ಹೋಗುತ್ತದೆ. ಇಲ್ಲಿ ಆ ಅನುಕೂಲವನ್ನು ಮೊದಲ ದಿನವೇ ಬಿಟ್ಟುಕೊಟ್ಟಿದ್ದೇವೆ. ಇಡೀ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಚುಚ್ಚುವುದು ಇದು.

ಹಾಗಾದರೆ ಘಾಟಿಗೆ ಏನು ಮಾಡುವುದು? 2018ರ ಆಗಸ್ಟ್‌ನಲ್ಲಿ ಕುಸಿದ ಗುಡ್ಡ ತಿಂಗಳುಗಟ್ಟಲೆ ಹಳಿ ಮುಚ್ಚಿತು. 2024ರ ಜುಲೈ 26ರಂದು ಯಡಕುಮೇರಿ ಸಮೀಪ ಮತ್ತೆ ಕುಸಿಯಿತು. ಈಗಿನ ಹಳಿ ಗುಡ್ಡದ ಮೈಯನ್ನು ತಬ್ಬಿಕೊಂಡು ಹೋಗುವವರೆಗೆ ಇದು ತಪ್ಪುವುದಿಲ್ಲ. ಇಲ್ಲಿ ತಾಂತ್ರಿಕವಾದ ಒಂದು ಆಯ್ಕೆಯಿದೆ. ಬರೀ ಪ್ರಯಾಣಿಕರ ಹೈಸ್ಪೀಡ್ ಗಾಡಿ ಹಗುರ, ಎಂಜಿನ್ ಶಕ್ತಿ ಹೆಚ್ಚು. ಪ್ಯಾರಿಸ್–ಲಿಯಾನ್ ಮಾರ್ಗದಲ್ಲಿ ಅದು 100 ಮೀಟರಿಗೆ ಮೂರೂವರೆ ಮೀಟರ್ ಏರುತ್ತದೆ, ಅಂದರೆ ನಮ್ಮ ಘಾಟಿಗಿಂತ ಕಡಿದಾದ ಏರು. ಅದಕ್ಕೆ ಗಿಡ್ಡ ಸುರಂಗಗಳು ಸಾಕು, ಆದರೆ ಬಂದರಿಗೆ ಕವಡೆಯ ಪ್ರಯೋಜನವಿಲ್ಲ. ಇನ್ನೊಂದು ದಾರಿ ಸ್ವಿಟ್ಜರ್ಲೆಂಡ್ ಹಿಡಿದದ್ದು: ಗೊಥಾರ್ಡ್ ಬೆಟ್ಟದ ಬುಡದಲ್ಲಿ ಕೊರೆದ 57 ಕಿ.ಮೀ. ಸುರಂಗದೊಳಗೆ ಗೂಡ್ಸ್ ಗಾಡಿಯೂ ಹೋಗುತ್ತದೆ, 200 ಕಿ.ಮೀ. ವೇಗದ ಪ್ರಯಾಣಿಕರ ಗಾಡಿಯೂ ಹೋಗುತ್ತದೆ. 1999ರಿಂದ 2016ರವರೆಗೆ ಹದಿನೇಳು ವರ್ಷ ಹಿಡಿಯಿತು, 1,200 ಕೋಟಿ ಫ್ರಾಂಕ್ ದಾಟಿತು. ನಮಗೆ ಅಷ್ಟುದ್ದದ್ದು ಬೇಕಾಗಲಿಕ್ಕಿಲ್ಲ. ಘಾಟಿಯ ಒಂದು ಬದಿ ಆಲ್ಪ್ಸ್‌ನಂತೆ ಮತ್ತೆ ಇಳಿಯುವುದಿಲ್ಲ, ಸಕಲೇಶಪುರದಿಂದ ಆಚೆ ಪ್ರಸ್ಥಭೂಮಿಯೇ. ಆದರೆ ಅದೇ ಕಾರಣಕ್ಕೆ ಸುರಂಗದೊಳಗೇ ಏರಬೇಕಾಗುತ್ತದೆ, ಮೇಲಿನ ಕಾಡು, ನೀರಿನ ಸೆಲೆ ಎಲ್ಲದರ ಲೆಕ್ಕ ಮೊದಲೇ ಆಗಬೇಕು.

ನನ್ನನ್ನು ಕೇಳಿದರೆ ಮೊದಲು ಸಮ ನೆಲದ ಜೋಡಿ ಹಳಿ, ಜೊತೆಗೆ ಕೊಂಕಣ ಮಾರ್ಗದಲ್ಲಿ ಸುರಂಗವಿಲ್ಲದ ಕಡೆಗಳಲ್ಲಿ ಜೋಡಿ ಹಳಿ, ಆಮೇಲೆ ಘಾಟಿ. ಚೆನ್ನೈ–ಬೆಂಗಳೂರಿಗೆ ಹೈಸ್ಪೀಡ್ ಬರಲಿ, ಹೊಟ್ಟೆಕಿಚ್ಚಿಲ್ಲ. ಅಲ್ಲಿ ಹಳೆಯ ಹಳಿ ತೆರವಾದಷ್ಟೂ ನಮ್ಮ ಗಾಡಿಗಳಿಗೆ ಬೆಂಗಳೂರಿನಲ್ಲಿ ನಿಲ್ಲಲು ಪ್ಲಾಟ್‌ಫಾರಂ ಸಿಕ್ಕೀತು.

ಆದರೆ ಘಾಟಿಯ ಸರದಿ ಬಂದಾಗ ಕೈಬಿಗಿ ಮಾಡಬಾರದು. ಹಾಸನ–ಮಂಗಳೂರು ಹಳಿ ಪೂರ್ತಿಯಾದದ್ದು 1979ರಲ್ಲಿ, ಮೀಟರ್‌ಗೇಜ್‌ನಲ್ಲಿ. ದೇಶವೆಲ್ಲ ಬ್ರಾಡ್‌ಗೇಜ್‌ನತ್ತ ಹೊರಳುತ್ತಿದ್ದ ಕಾಲದಲ್ಲಿ ಇಷ್ಟೊಂದು ಸುರಂಗ ಕೊರೆದು ಅದರೊಳಗೆ ಕಿರಿದಾದ ಹಳಿ ಹಾಕಿದರು. ಹದಿನೇಳು ವರ್ಷಕ್ಕೆ ಕಿತ್ತರು. 1996ರಿಂದ 2007ರ ಡಿಸೆಂಬರ್‌ವರೆಗೆ, ಹನ್ನೊಂದು ವರ್ಷ, ಆ ದಾರಿಯಲ್ಲಿ ಒಂದು ಪ್ರಯಾಣಿಕರ ಗಾಡಿಯೂ ಓಡಲಿಲ್ಲ; ಒಂದು ತಲೆಮಾರು ಶಿರಾಡಿಯ ಹೊಂಡಗಳಲ್ಲಿ ಬಸ್ಸಿನ ಕಂಬಿ ಹಿಡಿದುಕೊಂಡು ಬೆಂಗಳೂರು ಕಂಡಿತು. ಇನ್ನೊಮ್ಮೆ ಗುಡ್ಡ ಕೊರೆಯುವವರು ಎರಡು ಹಳಿಗೆ ಕೊರೆಯಲಿ, ಮತ್ತು ಗಾಡಿ ಆಮೇಲೆ ಬಂದರೂ ಪರವಾಗಿಲ್ಲ, ತಿರುವುಗಳನ್ನು ಈಗಲೇ 200 ಕಿ.ಮೀ. ವೇಗಕ್ಕೆ ಅಳೆದಿಡಲಿ.